ಕಾರಿಗೊಂದು ಕೈಗಡ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಮೊಮ್ಮಗಳಿಗೆ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ. ಪರೀಕ್ಷಾ ಕೇಂದ್ರ ಮೈಸೂರಿನ ಅಂಚಿನಲ್ಲಿರುವ ನಮ್ಮ ಮನೆಯಿಂದ 9 ಕಿಲೋಮೀಟರ್ ದೂರ. ಅವಳ ಅಪ್ಪ ಅಮ್ಮ ಇಬ್ಬರೂ ಕೆಲಸದ ಊರಿನಲ್ಲಿದ್ದರು. ಪರೀಕ್ಷೆ ಮುಗಿಯುವವರೆಗೆ ಅವಳ ಹೊಣೆ ನನ್ನದು, ಅವಳ ಅಜ್ಜಿಯದು. ದೇವರಿಗೆ ಕೈಮುಗಿದು, ಹಾಲ್ ಟಿಕೆಟ್ ಇದೆಯೇ ಎಂದು ಮೂರು ಸಲ ನೋಡಿಕೊಂಡು ಕಾರು ಹತ್ತಿದೆವು. ಕೀಲಿ ತಿರುಗಿಸಿದೆ. ಎಂಜಿನ್ ಹೊರಳಲಿಲ್ಲ. ‘ಟಕ್ ಟಕ್ ಟಕ್’ ಎಂಬ ಸದ್ದು ಬಂತು. ಎದುರಿನ ದೀಪಗಳು ಮಿಣುಕಿ ಆರಿಹೋದವು.

ತಲೆಯೆತ್ತಿ ನೋಡಿದರೆ ಒಳಗಿನ ಪುಟ್ಟ ದೀಪದ ಸ್ವಿಚ್ಚು ಹಾಕಿದಂತೆಯೇ ಇತ್ತು. ಹಿಂದಿನ ರಾತ್ರಿ ಕೈವಾರ ಕಾಣದೆ ಸೀಟಿನ ಕೆಳಗೆ ಹುಡುಕಿದವಳು ಅವಳೇ. “ದೀಪ ಆರಿಸದೆ ಬಂದೆಯಲ್ಲೇ! ಇಷ್ಟೂ ಜವಾಬ್ದಾರಿ ಬೇಡವಾ?” ಎಂದು ಕೂಗಿಬಿಟ್ಟೆ. ಪರೀಕ್ಷೆಗೆ ಹೊರಟ ಮಗುವಿನ ಕಣ್ಣಲ್ಲಿ ನೀರು ತುಂಬಿತು. ಪಕ್ಕದ ಮನೆಯವರು ಸದ್ದು ಕೇಳಿ ಹೊರಗೆ ಬಂದು, ಒಂದು ಮಾತೂ ಆಡದೆ ತಮ್ಮ ಸ್ಕೂಟರ್ ತೆಗೆದು ಅವಳನ್ನು ಕೂರಿಸಿಕೊಂಡು ಹೋದರು. ಗೇಟು ಮುಚ್ಚಲು ಹತ್ತು ನಿಮಿಷ ಇರುವಾಗ ಮುಟ್ಟಿದರಂತೆ.

ನಾನು ಮಾತ್ರ ಕಾರಿನ ಪಕ್ಕದಲ್ಲಿ ಪೆಚ್ಚಾಗಿ ನಿಂತಿದ್ದೆ.

ಲೆಕ್ಕ ತಪ್ಪಿದ್ದು ಯಾರದು?

ಮಧ್ಯಾಹ್ನ ಅವಳು ಬಂದಳು. ಊಟವಾದ ಮೇಲೆ ಬಾನೆಟ್ ಎತ್ತಿಸಿ, ಬ್ಯಾಟರಿಯ ಮೇಲಿನ ಚೀಟಿ ಓದಿ, ಒಂದು ನೋಟುಪುಸ್ತಕ ಹಿಡಿದು ನನ್ನ ಮುಂದೆ ಕುಳಿತಳು.

“ತಾತ, ಬ್ಯಾಟರಿ ಮೇಲೆ 12 ವೋಲ್ಟ್, 35 ಆಂಪಿಯರ್-ಅವರ್ ಅಂತಿದೆ. ಒಳಗಿನ ಬಲ್ಬು 5 ವಾಟ್. 5ನ್ನು 12ರಿಂದ ಭಾಗಿಸಿದರೆ ಸುಮಾರು 0.42 ಆಂಪಿಯರ್. ರಾತ್ರಿ ಎಂಟರಿಂದ ಬೆಳಿಗ್ಗೆ ಒಂಬತ್ತು ಅಂದರೆ 13 ಗಂಟೆ. ಗುಣಿಸಿದರೆ ಐದೂವರೆ ಆಂಪಿಯರ್-ಅವರ್. 35ರಲ್ಲಿ ಐದೂವರೆ ಹೋದರೆ ಇಪ್ಪತ್ತೊಂಬತ್ತೂವರೆ ಇರಬೇಕಲ್ಲ? ಮಿಕ್ಕಿದ್ದು ಎಲ್ಲಿ ಹೋಯಿತು?”

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ನಗದು ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಅಂಥವನಿಗೆ ಹತ್ತನೇ ತರಗತಿಯ ಹುಡುಗಿ ಲೆಕ್ಕ ಕೇಳುತ್ತಿದ್ದಳು. ಉತ್ತರ ಕೊಡಲೇಬೇಕಾಯಿತು.

ಇಬ್ಬರೂ ಸೇರಿ ಬ್ಯಾಟರಿಯ ಪಾಸ್‌ಬುಕ್ ಬರೆದೆವು. ಕಾರು ಸುಮ್ಮನೆ ನಿಂತಿದ್ದರೂ ಗಡಿಯಾರ, ಕಳ್ಳರ ಅಲಾರಂ, ಎಂಜಿನ್ನಿನ ಕಂಪ್ಯೂಟರ್ ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತವೆ. 30 ಮಿಲಿಆಂಪಿಯರ್ ಎಂದು ಹಿಡಿದರೆ ದಿನಕ್ಕೆ 0.72 ಆಂಪಿಯರ್-ಅವರ್. ನಮ್ಮ ಕಾರು ಶೆಡ್ಡಿನಿಂದ ಹೊರಗೆ ಬಂದು ಹದಿನೈದು ದಿನವಾಗಿತ್ತು. ಅಲ್ಲಿಗೆ ಸುಮಾರು 11 ಖರ್ಚು. ಅದಕ್ಕೂ ಹಿಂದೆ ಓಡಿಸಿದ್ದು ಒಂದೂವರೆ ಕಿಲೋಮೀಟರ್ ದೂರದ ದೇವಸ್ಥಾನಕ್ಕೆ. ಅಷ್ಟು ಸಣ್ಣ ಓಡಾಟದಲ್ಲಿ ಬ್ಯಾಟರಿಗೆ ಜಮೆ ಆಗುವುದು ಅತ್ಯಲ್ಪ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿಗೆ ಐದು ವರ್ಷ ತುಂಬಿತ್ತು. ವಯಸ್ಸಾದಂತೆ ಒಳಗಿನ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಚೀಟಿಯ ಮೇಲೆ 35 ಎಂದಿದ್ದರೂ ಹಿಡಿಯುವುದು ಅರ್ಧವಷ್ಟೇ ಇರಬಹುದು. ಅರ್ಧವೆಂದರೆ ಹದಿನೇಳೂವರೆ. ಅದರಲ್ಲಿ 11, ಮತ್ತೆ ಐದೂವರೆ ಕಳೆಯಿರಿ. ಉಳಿದ ಶಿಲ್ಕು 1!

ಲೆಕ್ಕ ತಾಳೆಯಾಯಿತು. ಅವಳ ದೀಪದ್ದು ಐದೂವರೆ. ಮಿಕ್ಕಿದ್ದೆಲ್ಲ ನನ್ನದು. ಸಂಜೆ ಬಂದ ಮೆಕ್ಯಾನಿಕ್ ಪರೀಕ್ಷಿಸುವ ಯಂತ್ರ ಹಚ್ಚಿದ. ಭಾರ ಹಾಕಿದೊಡನೆ ಮುಳ್ಳು 9 ವೋಲ್ಟಿಗಿಂತ ಕೆಳಗೆ ಬಿತ್ತು. “ಇದು ಒಂದು ವರ್ಷದ ಹಿಂದೆಯೇ ಬದಲಾಯಿಸಬೇಕಿತ್ತು ಸಾರ್” ಎಂದ. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಅವಳ ಕ್ಷಮೆ ಕೇಳಿದೆ. ಎಪ್ಪತ್ತು ದಾಟಿದ ಮೇಲೆ ಮಕ್ಕಳ ಕ್ಷಮೆ ಕೇಳುವುದು ಕಷ್ಟವೆಂದುಕೊಂಡಿದ್ದೆ. ಹಾಗೇನೂ ಇಲ್ಲ.

ಹ್ಯಾಂಡಲ್ ಹೊಡೆಯುತ್ತಿದ್ದ ಕಾಲ

ಮಕ್ಕಳೇ, ನಿಮ್ಮ ತಾತಂದಿರನ್ನು ಕೇಳಿ ನೋಡಿ. ಹಳೆಯ ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ಒಂದು ತೂತು ಇರುತ್ತಿತ್ತು. ಬ್ಯಾಟರಿ ಕೈಕೊಟ್ಟರೆ ಡಿಕ್ಕಿಯಿಂದ ಕಬ್ಬಿಣದ ಹ್ಯಾಂಡಲ್ ತಂದು, ಆ ತೂತಿಗೆ ತೂರಿಸಿ ಜೋರಾಗಿ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಕೆಲವು ಸಲ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈಮೂಳೆ ಮುರಿಯುವುದೂ ಇತ್ತು. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲೇ ಕಂಡುಹಿಡಿದಿದ್ದರೂ, ಅದರಿಂದ ಕಾರು ಸ್ಟಾರ್ಟ್ ಮಾಡುವ ಸೆಲ್ಫ್ ಸ್ಟಾರ್ಟರ್ ಬಂದದ್ದು 1912ರ ಕ್ಯಾಡಿಲಾಕ್ ಕಾರಿನಲ್ಲಿ. ಅದನ್ನು ರೂಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್.

ಇಂದಿನ ಕಾರುಗಳಿಗೆ ಹ್ಯಾಂಡಲ್ ತೂತು ಇಲ್ಲ. ಗೇರ್ ಹಾಕುವ ಕಾರಾದರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಆದರೆ ಮನೆಯಲ್ಲಿರುವವರು ಅಜ್ಜ, ಅಜ್ಜಿ, ಒಬ್ಬ ಮೊಮ್ಮಗಳು. ತಳ್ಳುವವರು ಯಾರು? ಆಟೊಮ್ಯಾಟಿಕ್ ಕಾರನ್ನಂತೂ ತಳ್ಳಿ ಸ್ಟಾರ್ಟ್ ಮಾಡಲು ಆಗುವುದೇ ಇಲ್ಲ. ಇನ್ನೊಂದು ಕಾರಿನಿಂದ ವೈರು ಎಳೆದು ಸ್ಟಾರ್ಟ್ ಮಾಡಬಹುದು. ಅದಕ್ಕೆ ಇನ್ನೊಂದು ಕಾರು ಪಕ್ಕಕ್ಕೆ ಬರಬೇಕು.

ಇವೆಲ್ಲಕ್ಕೂ ಬದಲಾಗಿ ಈಗ ಸಿಗುವುದು ‘ಜಂಪ್ ಸ್ಟಾರ್ಟರ್’ ಎಂಬ ಕೈಪೆಟ್ಟಿಗೆ. ದಪ್ಪ ಪುಸ್ತಕದಷ್ಟು ಗಾತ್ರ. ಅದರೊಳಗೆ ಲಿಥಿಯಂ ಬ್ಯಾಟರಿ, ಹೊರಗೆ ಕೆಂಪು ಕಪ್ಪು ಎರಡು ಕ್ಲಿಪ್ಪುಗಳು. ಕಾರಿನ ಬ್ಯಾಟರಿಗೆ ಕ್ಷಣಕಾಲ ಕೈಗಡ ಕೊಟ್ಟು ಎಂಜಿನ್ ಎಬ್ಬಿಸುವುದು ಅದರ ಕೆಲಸ.

ದೊಡ್ಡ ಮೊತ್ತ ಬೇಡ, ಕೈಗೆ ಸಿಗಬೇಕು

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ‘20,000 ಎಂಎಎಚ್’ ಎಂಬಂಥ ದೊಡ್ಡ ಅಂಕಿ. ಅದನ್ನು ನೋಡಿ ಮರುಳಾಗಬೇಡಿ. ಮಕ್ಕಳೇ, ಈ ಲೆಕ್ಕ ಮಾಡಿ.

ಚಿಕ್ಕ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟಾರು ಸುಮಾರು 150 ಆಂಪಿಯರ್ ಎಳೆಯುತ್ತದೆ ಎನ್ನೋಣ. ಆಗ ವೋಲ್ಟೇಜು 10ಕ್ಕೆ ಇಳಿದಿರುತ್ತದೆ. ಮೂರು ಸೆಕೆಂಡು ಸಾಕು. 150, 10, 3 ಇವನ್ನು ಗುಣಿಸಿದರೆ 4,500 ಜೌಲ್. ಇದನ್ನು 3,600ರಿಂದ ಭಾಗಿಸಿದರೆ 1.25 ವಾಟ್-ಅವರ್. ಅಷ್ಟೇ! ಅಪ್ಪನ ಮೊಬೈಲಿನಲ್ಲಿರುವ 5,000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವಾಟ್-ಅವರ್ ಇರುತ್ತದೆ. ಅಂದರೆ ಮೊಬೈಲಿನಲ್ಲಿರುವ ಶಕ್ತಿಯಿಂದ, ಲೆಕ್ಕಕ್ಕೆ, ಕಾರನ್ನು ಹದಿನೈದು ಸಲ ಸ್ಟಾರ್ಟ್ ಮಾಡಬಹುದು.

ಹಾಗಾದರೆ ಮೊಬೈಲಿನ ಪವರ್‌ಬ್ಯಾಂಕಿನಿಂದ ಕಾರು ಏಕೆ ಸ್ಟಾರ್ಟ್ ಆಗುವುದಿಲ್ಲ? ಅದು ಒಮ್ಮೆಗೆ ಕೊಡುವುದು ಎರಡು ಮೂರು ಆಂಪಿಯರ್ ಮಾತ್ರ. ಬ್ಯಾಂಕಿನಲ್ಲಿ ಐದು ಲಕ್ಷ ಠೇವಣಿ ಇದ್ದರೂ ಭಾನುವಾರ ರಾತ್ರಿ ಆಸ್ಪತ್ರೆಯ ಕೌಂಟರಿನಲ್ಲಿ ಕಟ್ಟಲು ಬೀರುವಿನಲ್ಲಿರುವ ಐದು ಸಾವಿರವೇ ಬೇಕಾಗುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಇದೂ ಹಾಗೆಯೇ. ಎಷ್ಟಿದೆ ಎನ್ನುವುದಕ್ಕಿಂತ ಒಂದೇ ಗಳಿಗೆಯಲ್ಲಿ ಎಷ್ಟು ಕೈಗೆ ಬರುತ್ತದೆ ಎನ್ನುವುದು ಮುಖ್ಯ.

ಆದ್ದರಿಂದ ಆಂಪಿಯರ್ ನೋಡಿ. ಅದರಲ್ಲೂ ಎರಡು ಅಂಕಿಗಳಿರುತ್ತವೆ. ‘ಪೀಕ್’ ಎಂದು ದೊಡ್ಡಕ್ಷರದಲ್ಲಿ ಬರೆದಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಬರುವ ಕರೆಂಟು. ಎಂಜಿನ್ ತಿರುಗುವ ಆ ಮೂರು ನಾಲ್ಕು ಸೆಕೆಂಡು ನಿಂತು ಕೊಡುವ ಕರೆಂಟು ಅದಕ್ಕಿಂತ ಬಹಳ ಕಡಿಮೆ. ಅದನ್ನು ‘ಸ್ಟಾರ್ಟಿಂಗ್’ ಅಥವಾ ‘ಕ್ರ್ಯಾಂಕಿಂಗ್’ ಕರೆಂಟು ಎಂದು ಬರೆದಿರುತ್ತಾರೆ. ಅದನ್ನು ಬರೆಯದೆ ಪೀಕ್ ಒಂದನ್ನೇ ಬರೆದಿದ್ದರೆ ನಾನು ಆ ಪೆಟ್ಟಿಗೆಯನ್ನು ಕೆಳಗಿಡುತ್ತೇನೆ.

ಕೊಳ್ಳುವ ಮುನ್ನ

ಮೊದಲು ನಿಮ್ಮ ಕಾರಿನ ಆರ್‌ಸಿ ತೆಗೆದು ಸಿಸಿ ಎಷ್ಟೆಂದು ನೋಡಿ. 1,197 ಸಿಸಿ ಎಂದರೆ ಸುಮಾರು 1.2 ಲೀಟರ್ ಎಂಜಿನ್. ಪೆಟ್ಟಿಗೆಯ ಮೇಲೆ ಇಷ್ಟು ಲೀಟರ್ ಪೆಟ್ರೋಲ್, ಇಷ್ಟು ಲೀಟರ್ ಡೀಸೆಲ್ ಎಂದು ಬರೆದಿರುತ್ತಾರೆ. ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತುವುದರಿಂದ ಅದನ್ನು ತಿರುಗಿಸಲು ಕರೆಂಟು ಹೆಚ್ಚು ಬೇಕು. ನಿಮಗೆ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಿ. ಲಿಥಿಯಂ ಬ್ಯಾಟರಿಗೂ ವಯಸ್ಸಾಗುತ್ತದೆ. ಇಂದು ಸರಿಯಾಗಿ ಸಾಲುವುದು ಮೂರು ವರ್ಷದ ಮೇಲೆ ಸಾಲದೆ ಹೋಗಬಹುದು. ಈ ಚಿಕ್ಕ ಪೆಟ್ಟಿಗೆಗಳು 12 ವೋಲ್ಟಿನ ವಾಹನಗಳಿಗೆ ಮಾತ್ರ. 24 ವೋಲ್ಟಿನ ಲಾರಿಗೆ ಹಚ್ಚಬಾರದು.

ಎರಡನೆಯದು ಕ್ಲಿಪ್ಪಿನ ರಕ್ಷಣೆ. ಕೆಂಪು ಕಪ್ಪು ಅದಲುಬದಲಾದರೆ ಕರೆಂಟು ಹರಿಯದಂತೆ ತಡೆಯುವ, ಕ್ಲಿಪ್ಪುಗಳು ಒಂದಕ್ಕೊಂದು ತಗುಲಿದರೂ ಕಿಡಿ ಹಾರದಂತೆ ನೋಡಿಕೊಳ್ಳುವ, ಎಂಜಿನ್ ಎದ್ದ ಮೇಲೆ ಕಾರಿನ ಕರೆಂಟು ಪೆಟ್ಟಿಗೆಗೆ ಹಿಂದಕ್ಕೆ ನುಗ್ಗದಂತೆ ಕಾಯುವ ವ್ಯವಸ್ಥೆ ಇರಲೇಬೇಕು. ಅವಸರದಲ್ಲಿ, ಮಬ್ಬುಗತ್ತಲಲ್ಲಿ, ಕನ್ನಡಕ ಮರೆತು ಬಂದಾಗ ತಪ್ಪಾಗುವುದು ಸಹಜ. ಈ ಒಂದು ವಿಷಯದಲ್ಲಿ ಹಣ ಉಳಿಸಬೇಡಿ.

ಮೂರನೆಯದು ‘ಬೂಸ್ಟ್’ ಗುಂಡಿ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ, ತಾನು ಬ್ಯಾಟರಿಗೆ ಜೋಡಣೆಯಾಗಿದ್ದೇನೆ ಎಂಬುದೇ ಪೆಟ್ಟಿಗೆಗೆ ತಿಳಿಯುವುದಿಲ್ಲ. ಆಗ ಈ ಗುಂಡಿ ಒತ್ತಿ ಬಲವಂತವಾಗಿ ಕರೆಂಟು ಹರಿಸಬಹುದು. ಆದರೆ ಅನೇಕ ಪೆಟ್ಟಿಗೆಗಳಲ್ಲಿ ಗುಂಡಿ ಒತ್ತಿದಾಗ ಮೇಲೆ ಹೇಳಿದ ರಕ್ಷಣೆಗಳು ಕೆಲಸ ಮಾಡುವುದಿಲ್ಲ. ಕೆಂಪು ಕಪ್ಪು ಎರಡು ಸಲ ನೋಡಿಕೊಂಡೇ ಒತ್ತಬೇಕು.

ನಾಲ್ಕನೆಯದು ಒಳಗಿನ ಬ್ಯಾಟರಿಯ ಜಾತಿ. ಲಿಥಿಯಂ ಐರನ್ ಫಾಸ್ಫೇಟ್ ಎಂಬುದು ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ತೂಕ ಸ್ವಲ್ಪ ಜಾಸ್ತಿ. ಕೆಪಾಸಿಟರ್ ಬಳಸುವ ಇನ್ನೊಂದು ಬಗೆಯೂ ಇದೆ. ಅದನ್ನು ಚಾರ್ಜ್ ಮಾಡಿಟ್ಟುಕೊಳ್ಳಬೇಕಾಗಿಲ್ಲ. ಸೋತ ಬ್ಯಾಟರಿಯಲ್ಲಿ ಉಳಿದಿರುವ ಚಿಲ್ಲರೆಯನ್ನೇ ಕೆಲವು ನಿಮಿಷ ಕೂಡಿಸಿ ಒಮ್ಮೆಲೇ ಕೊಡುತ್ತದೆ. ಚಿಲ್ಲರೆಯೂ ಇಲ್ಲದಿದ್ದರೆ ಬೇರೆ ಕಡೆಯಿಂದ ಕರೆಂಟು ತುಂಬಿಸಬೇಕು.

ಐದನೆಯದನ್ನು ನನಗೆ ಹೇಳಿಕೊಟ್ಟವಳು ನನ್ನ ಹೆಂಡತಿ. ಅಂಗಡಿಯಲ್ಲಿ ಅವಳು ಅಂಕಿ ಅಂಶ ಏನನ್ನೂ ಕೇಳಲಿಲ್ಲ. ಕ್ಲಿಪ್ಪನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿದಳು. ಮೊದಲನೆಯದರ ಸ್ಪ್ರಿಂಗು ಎಷ್ಟು ಬಿಗಿಯಿತ್ತೆಂದರೆ ಅವಳ ಗಂಟುನೋವಿನ ಬೆರಳಿಗೆ ತೆರೆಯಲೇ ಇಲ್ಲ. “ನೀವು ಊರಲ್ಲಿ ಇಲ್ಲದಾಗ ನಾನು ಇದನ್ನು ಹೇಗೆ ಹಾಕಲಿ?” ಎಂದಳು. ಹಿರಿಯರೇ, ಕ್ಲಿಪ್ಪು ನಿಮ್ಮ ಕೈಗೆ ಬಗ್ಗುತ್ತದೆಯೇ, ಗುಂಡಿಯ ಅಕ್ಷರ ನಿಮ್ಮ ಕಣ್ಣಿಗೆ ಕಾಣುತ್ತದೆಯೇ, ಟಾರ್ಚ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿ.

ಕೊನೆಯದಾಗಿ ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ, ತಯಾರಕರ ಅಥವಾ ಆಮದು ಮಾಡಿದವರ ವಿಳಾಸ ನೋಡಿ. ಎರಡು ಮೂರು ವರ್ಷ ಕಪಾಟಿನಲ್ಲಿ ಕುಳಿತ ಲಿಥಿಯಂ ಬ್ಯಾಟರಿ ರಿಯಾಯಿತಿಯಲ್ಲಿ ಸಿಕ್ಕರೂ ಬೇಡ. ಬಿಲ್ಲು, ವಾರಂಟಿ ಚೀಟಿ ಎರಡನ್ನೂ ಕೇಳಿ ಪಡೆಯಿರಿ.

ಜೋಡಿಸುವ ಕ್ರಮ

ಪೆಟ್ಟಿಗೆಯ ಜತೆ ಬಂದ ಪುಸ್ತಕ ಮತ್ತು ಕಾರಿನ ಪುಸ್ತಕ ಹೇಳಿದ್ದೇ ಕೊನೆಯ ಮಾತು. ಸಾಮಾನ್ಯವಾದ ಕ್ರಮ ಹೀಗಿದೆ:

1. ಕಾರಿನ ಕೀಲಿ, ದೀಪ, ಏಸಿ, ರೇಡಿಯೋ ಎಲ್ಲ ಆರಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿರಲಿ. ಹ್ಯಾಂಡ್‌ಬ್ರೇಕ್ ಎಳೆಯಿರಿ.

2. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಸೋರುತ್ತಿದ್ದರೆ ಮುಟ್ಟಬೇಡಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುವುದರಿಂದ ಹತ್ತಿರ ಬೆಂಕಿಕಡ್ಡಿ ಗೀರಬಾರದು.

3. ಕೆಂಪು ಕ್ಲಿಪ್ಪು ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕ್ಲಿಪ್ಪು ಪುಸ್ತಕ ಹೇಳಿದಂತೆ ಮೈನಸ್‌ಗೆ ಅಥವಾ ಬಣ್ಣವಿಲ್ಲದ ಲೋಹದ ಭಾಗಕ್ಕೆ.

4. ಹಸಿರು ದೀಪ ಬಂದ ಮೇಲೆ ಸೆಲ್ಫ್ ಹೊಡೆಯಿರಿ. ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಬೇಡ. ಏಳದಿದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಮೂರು ಸಲಕ್ಕೂ ಏಳದಿದ್ದರೆ ತೊಂದರೆ ಬೇರೆ ಎಲ್ಲೋ ಇದೆ, ನಿಲ್ಲಿಸಿಬಿಡಿ.

5. ಎಂಜಿನ್ ಎದ್ದೊಡನೆ ಕಪ್ಪು ಕ್ಲಿಪ್ಪು ಮೊದಲು, ಆಮೇಲೆ ಕೆಂಪು ತೆಗೆಯಿರಿ. ಓಡುತ್ತಿರುವ ಫ್ಯಾನು, ಬೆಲ್ಟುಗಳಿಂದ ಸೀರೆಯ ಸೆರಗು, ಪಂಚೆ, ವೈರು ದೂರವಿರಲಿ.

6. ಎಂಜಿನ್ ಆರಿಸದೆ ಕನಿಷ್ಠ ಅರ್ಧ ಗಂಟೆ ಓಡಿಸಿ, ನೇರ ಬ್ಯಾಟರಿ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿ.

ಮಕ್ಕಳೇ, ಕ್ಲಿಪ್ಪು ಮುಟ್ಟುವುದು ದೊಡ್ಡವರ ಕೆಲಸ. ಟಾರ್ಚ್ ಹಿಡಿಯುವುದು, ಒಂದೊಂದು ಹೆಜ್ಜೆಯನ್ನೂ ಗಟ್ಟಿಯಾಗಿ ಓದಿ ಹೇಳುವುದು ನಿಮ್ಮ ಕೆಲಸ. ಅವಸರದಲ್ಲಿರುವ ದೊಡ್ಡವರಿಗೆ ಓದಿ ಹೇಳುವವರು ಬಹಳ ಅಗತ್ಯ.

ಇಡುವುದೆಲ್ಲಿ?

ನಾನು ಮೊದಲು ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟೆ. “ತಾತ, ನಮ್ಮ ಡಿಕ್ಕಿ ಸ್ವಿಚ್ಚಿನಿಂದ ತೆರೆಯುವುದಲ್ಲವಾ? ಬ್ಯಾಟರಿ ಡೌನ್ ಆದರೆ ಡಿಕ್ಕಿ ಹೇಗೆ ತೆರೀತೀಯ?” ಎಂದು ಮೊಮ್ಮಗಳು ಕೇಳಿದಳು. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬೀಗ ಹಾಕಿದಂತಾಗುತ್ತಿತ್ತು. ಅದೂ ಅಲ್ಲದೆ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ 60 ಡಿಗ್ರಿಯೂ ಆಗಬಹುದು. ಲಿಥಿಯಂ ಬ್ಯಾಟರಿಗೆ ಅದು ಒಳ್ಳೆಯದಲ್ಲ. ಮನೆಯೊಳಗೆ ತಂಪು ಜಾಗದಲ್ಲಿಡಿ. ದೂರದ ಊರಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ, ಇಳಿಯುವಾಗ ಜತೆಗೇ ತನ್ನಿ. ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಪೆಟ್ಟಿಗೆ ಊದಿಕೊಂಡರೆ ಬಳಸಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಹಳೆಯ ಕಾರ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ, ಅದರ ಸೀಸ ಮತ್ತೆ ಬಳಕೆಗೆ ಹೋಗುತ್ತದೆ.

ಎಲ್ಲರಿಗೂ ಬೇಕೇ?

ದಿನಾ ಅರ್ಧ ಗಂಟೆ ಓಡುವ, ಎರಡು ವರ್ಷದ ಬ್ಯಾಟರಿಯ ಕಾರು ಊರೊಳಗೇ ಇದ್ದರೆ ಈ ಪೆಟ್ಟಿಗೆ ಇಲ್ಲದೆಯೂ ನಡೆಯುತ್ತದೆ. ಕಾರಿನ ವಿಮೆಯ ಜತೆ ರಸ್ತೆ ನೆರವು ಸೇರಿದ್ದರೆ ಅದರ ಫೋನ್ ನಂಬರನ್ನು ಬರೆದಿಟ್ಟುಕೊಳ್ಳಿ. ನಮ್ಮಂತೆ ಕಾರನ್ನು ಹೆಚ್ಚು ದಿನ ನಿಲ್ಲಿಸುವವರಿಗೆ, ಅಕ್ಕಪಕ್ಕ ಮನೆಗಳಿಲ್ಲದ ತೋಟದ ಮನೆಯವರಿಗೆ, ರಾತ್ರಿ ಹೊತ್ತು ಆಸ್ಪತ್ರೆಗೆ ಹೊರಡಬೇಕಾಗಬಹುದಾದ ಹಿರಿಯರಿಗೆ ಇದು ಬೇಕು.

ಆದರೆ ಕೈಗಡ ಸಂಬಳವಲ್ಲ. ಬ್ಯಾಟರಿ ಹಳತಾಗಿದ್ದರೆ ಈ ಪೆಟ್ಟಿಗೆ ಅದನ್ನು ಹೊಸದು ಮಾಡುವುದಿಲ್ಲ. ವಾರಕ್ಕೆ ಎರಡು ಸಲ ಪೆಟ್ಟಿಗೆ ಬೇಕಾಗುತ್ತಿದೆ ಎಂದಾದರೆ ಕೊಳ್ಳಬೇಕಾದ್ದು ಹೊಸ ಬ್ಯಾಟರಿ. ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಮಳೆಗಾಲಕ್ಕೆ ಮುನ್ನ ಪರೀಕ್ಷಿಸಿಬಿಡಿ. ಒಂದು ಮಲ್ಟಿಮೀಟರ್ ಮನೆಯಲ್ಲಿದ್ದರೆ ನೀವೇ ನೋಡಬಹುದು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಬರಿದಾಗುತ್ತಿದೆ. ಎಂಜಿನ್ ಓಡುವಾಗ ಸುಮಾರು 14 ತೋರಿಸಬೇಕು. ತೋರಿಸದಿದ್ದರೆ ಚಾರ್ಜ್ ಮಾಡುವ ಆಲ್ಟರ್ನೇಟರಿನಲ್ಲಿ ದೋಷವಿರಬಹುದು.

ನಾವು ಹೊಸ ಬ್ಯಾಟರಿಯನ್ನೂ ಕೊಂಡೆವು, ಪೆಟ್ಟಿಗೆಯನ್ನೂ ಕೊಂಡೆವು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೊಮ್ಮಗಳು ಪ್ರತಿ ಭಾನುವಾರದ ಮನೆಯಲ್ಲಿ ‘ಕಾರು, ಅರ್ಧ ಗಂಟೆ’ ಎಂದೂ, ಮೂರು ತಿಂಗಳಿಗೊಂದು ಕಡೆ ‘ಪೆಟ್ಟಿಗೆ ಚಾರ್ಜ್’ ಎಂದೂ ಕೆಂಪು ಪೆನ್ನಿನಲ್ಲಿ ಬರೆದಳು.

ಆ ಪೆಟ್ಟಿಗೆ ನಮ್ಮ ಕಾರಿಗೆ ಈವರೆಗೆ ಬೇಕಾಗಿಲ್ಲ. ಆಷಾಢದ ಒಂದು ನಸುಕಿನಲ್ಲಿ, ಜಡಿಮಳೆಯಲ್ಲಿ, ಪಕ್ಕದ ಮನೆಯವರ ಡೀಸೆಲ್ ಕಾರು ‘ಟಕ್ ಟಕ್’ ಎಂದಿತು. ಅವರ ತಾಯಿಯನ್ನು ರೈಲಿಗೆ ಕರೆದೊಯ್ಯಬೇಕಿತ್ತು. ಒಂದು ಮೆಟ್ಟಿಲು ಮೇಲಿನದನ್ನು ಕೊಂಡಿದ್ದು ಅಂದು ಸಾರ್ಥಕವಾಯಿತು. ನನ್ನ ಹೆಂಡತಿ ಕೊಡೆ ಹಿಡಿದಳು. ಮೊಮ್ಮಗಳು ಟಾರ್ಚ್ ಬಿಟ್ಟು ಒಂದರಿಂದ ಆರರವರೆಗೆ ಓದಿದಳು. ನಾನು ಕ್ಲಿಪ್ಪು ಹಾಕಿದೆ. ಎರಡನೆಯ ಸಲಕ್ಕೆ ಎಂಜಿನ್ ಎದ್ದಿತು. ಅವರು ಕೈಮುಗಿದರು.

“ಮಾರ್ಚಿನ ಬಾಕಿ ತೀರಿತು ತಾತ” ಎಂದಳು ಮೊಮ್ಮಗಳು.